ಹೇಮಾವತಿಯಲ್ಲಿ ಡೀಸೆಲ್ ಹರಿದಾಗ

ತೊಂಬತ್ತರ ದಶಕದಲ್ಲಿ ನಾನು ಹಾಸನದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ರಜೆ ಬಂತೆಂದರೆ ಹೊಳೆನರಸೀಪುರದ ಅತ್ತೆಮನೆಗೆ ಹೋಗಿ ಹೇಮಾವತಿಗೆ ನಿಂಬೆಹಣ್ಣು ಎಸೆಯುತ್ತಿದ್ದೆ. ಹೊಳೆಗೆ ಬಿದ್ದ ಕೊಳೆ ಎಷ್ಟು ಹೊತ್ತಿಗೆ ಎಲ್ಲಿ ಮುಟ್ಟುತ್ತದೆಂದು ಮುಂಚೆಯೇ ಹೇಳುವುದು ನನ್ನ ಸಂಶೋಧನೆ. ತೇಲುವ ಹಣ್ಣು ನೀರಿನ ವೇಗ ತೋರಿಸುತ್ತದೆ. ಆದರೆ ಕೆಳಗಡೆ ಬಟ್ಟೆ ಒಗೆಯುವವರ ಕಣ್ಣಿಗೆ ಸಾಲಾಗಿ ತೇಲಿಬರುವ ನಿಂಬೆಹಣ್ಣು ಇನ್ನೇನಾಗಿ ಕಂಡೀತು? ಬಟ್ಟೆ ಬಿಟ್ಟು ದಡ ಹತ್ತಿ ಓಡಿದರು.

“ನೀನು ಮಾಟ ಮಾಡ್ತೀಯ ಅಂತ ಊರೆಲ್ಲ ಮಾತು ಕಣೆ! ನಾನು ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ,” ಎಂದು ಅತ್ತೆ ಕೂಗಾಡಿದರು. ನಾನೇನು ಕಮ್ಮಿ? ಮಾರನೇ ದಿನವೂ ಎಸೆದೆ.

ಒಂದು ಬೇಸಿಗೆಯ ಬೆಳಿಗ್ಗೆ, ಊರಿಗಿಂತ ಮೇಲೆ, ಡೀಸೆಲ್ ಟ್ಯಾಂಕರೊಂದು ಹೊಳೆಗೆ ಮಗುಚಿತು. ಊರು ಕುಡಿಯುವುದು ಅದೇ ಹೊಳೆಯ ನೀರು. ನೀರು ಸರಬರಾಜಿನ ಇಂಜಿನಿಯರು ನನ್ನ ವಿಷಯ ಕೇಳಿದ್ದವರು, ಮನೆಗೇ ಬಂದರು. “ಮೇಡಂ, ಪಂಪು ಯಾವಾಗ ನಿಲ್ಲುಸ್ಲಿ?”

ಲೆಕ್ಕ ಹಾಕಿ, “ಮಧ್ಯಾಹ್ನದವರೆಗೆ ಊರಿನ ನೀರಿನ ಟ್ಯಾಂಕು ತುಂಬಿಸ್ಕೊಳ್ಳಿ, ಆಮೇಲೆ ನಿಲ್ಲಿಸಿ,” ಎಂದೆ. ಊಟದ ಹೊತ್ತು ಕಳೆಯುತ್ತಲೇ ಪಂಪಿನ ಹತ್ತಿರ ವಾಸನೆ ಬಂತು, ಸಂಜೆಗೆ ಹೋಯಿತು. ಅಬ್ಬಾ, ನಾನು ಉಬ್ಬಿಹೋದೆ! ಇವತ್ತಿಗೂ ಉಬ್ಬುತ್ತೇನೆ, ಅದರಲ್ಲೇನು ನಾಚಿಕೆ?

ಆದರೆ ಪಂಪು ಮತ್ತೆ ಶುರು ಮಾಡಲು ನಾನು ಬಿಡಲಿಲ್ಲ. ಪಂಪಿಗಿಂತ ಮೇಲೆ, ಹೊಳೆ ತಿರುಗುವ ಕಡೆ ಒಂದು ಮಡುವಿದೆ. ನನ್ನ ಎಷ್ಟೋ ಹಣ್ಣುಗಳು ಅಲ್ಲಿ ಸಿಕ್ಕಿಕೊಂಡು, ಸುತ್ತಿ ಸುತ್ತಿ, ಮಾರನೇ ದಿನ ಹೊರಬಿದ್ದಿದ್ದವು. ಡೀಸೆಲ್ಲೂ ಅಲ್ಲಿ ಕೂತಿರುತ್ತದೆ, ಇನ್ನೊಮ್ಮೆ ಬರುತ್ತದೆ ಎಂದೆ.

ಬೆಳಗಾಯಿತು. ಹೊಳೆ ತಿಳಿಯಾಗಿತ್ತು, ಟ್ಯಾಂಕು ಖಾಲಿಯಾಗಿತ್ತು. ಬಿಂದಿಗೆ ಹಿಡಿದ ಹೆಂಗಸರು ಮನೆ ಮುಂದೆ ಸೇರಿದರು. “ನೀರು ಚೆಂದಾಗೇ ಅದೆ. ಇವಳದೇನು ದೊಡ್ಡಸ್ತಿಕೆ?” ಎಂದು ಒಬ್ಬಳು ಕೂಗಿದಳು. ಲೆಕ್ಕ ತಪ್ಪಿದರೆ ಈ ಊರು ಇನ್ನೆಂದೂ ನನ್ನ ಮಾತು ಕೇಳುವುದಿಲ್ಲ.

ಅತ್ತೆ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದರು. “ನನ್ನ ಸೊಸೆ ಹೇಳೋವರ್ಗೂ ಪಂಪು ಶುರುವಾಗಲ್ಲ. ನಮ್ಮನೆ ಬಾವಿ ಇದೆ, ಸೇದ್ಕೊಂಡು ಹೋಗಿ!”

ಹಗ್ಗ ಇನ್ನೂ ಹೆಂಗಸರ ಕೈಯಲ್ಲಿರುವಾಗಲೇ ಇಂಜಿನಿಯರ ಜೀಪು ಬಂತು. “ಮೇಡಂ, ಮತ್ತೆ ಬಂದ್ಬುಡ್ತು! ವಾಸ್ನೆ ತಡ್ಯಕ್ಕಾಗ್ತಿಲ್ಲ!” ಕೂಗಿದ್ದವಳು ಹಗ್ಗವನ್ನು ಮತ್ತೆ ಬಾವಿಗಿಳಿಸಿದಳು.

ಎಲ್ಲರೂ ಹೋದ ಮೇಲೆ ಅತ್ತೆಯನ್ನು ಕೇಳಿದೆ: “ನನ್ನ ಲೆಕ್ಕ ಅಷ್ಟೊಂದು ನಂಬಿದ್ರಾ?”

“ನಿನ್ನ ಲೆಕ್ಕ ಯಾರಿಗೆ ಅರ್ಥವಾಗತ್ತೆ? ತಪ್ಪಾಗಿದ್ರೆ ಒಳಗೆ ಕರೆದು ನಾನೇ ಬೈತಿದ್ದೆ. ನಿನ್ನ ಬೈಯಕ್ಕೆ ಬೀದಿಯೋರು ಯಾರು?”