ಅಣ್ಣನ ಕೇಸ್ ಪೇಪರ್

ಆ ವರ್ಷ ನಮ್ಮ ಸರಕಾರಿ ಆಸ್ಪತ್ರೆಗೆ ರೋಗಿಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಬಾಗಿಲಲ್ಲೇ ಸಹಾಯ ಮೇಜು ಹಾಕಿದರು. ರೋಗಿಯ ಹೆಸರು, ಚಿಕಿತ್ಸೆ ಬರೆದಿಡುವ ಕೇಸ್ ಪೇಪರ್ ಕೊಡುವ ಕೌಂಟರಿನಲ್ಲಿ ವರ್ಷಗಟ್ಟಲೆ ಜನರನ್ನು ಗದರಿಸಿದ್ದ ನನ್ನನ್ನು, ಈ ಮರಾಠಿ ಊರಿನಲ್ಲಿ ಕನ್ನಡವೂ ಬರುತ್ತದೆಂದು, ಅಲ್ಲಿ ಕೂರಿಸಿದರು. ನಗುತ್ತಿರಬೇಕು, ಯಾರನ್ನೂ ವಾಪಸ್ ಕಳಿಸಬಾರದು ಎಂದು ಅರ್ಧ ದಿನ ತರಬೇತಿಯೂ ಆಯಿತು. ಹುಟ್ಟುಗುಣ ಸುಟ್ಟರೂ ಹೋಗದು. ನಾನು ನಗುವುದನ್ನಷ್ಟೇ ಕಲಿತೆ.

ಒಂದು ಸೋಮವಾರ ಜೋಗೇಶ್ವರಿಯಿಂದ ಕಟ್ಟಡ ಕೆಲಸದವಳೊಬ್ಬಳು ಗಂಡನನ್ನು ಹಿಡಿದುಕೊಂಡು ಬಂದಳು. ವಿಜಯಪುರದ ಕಡೆಯವರು. ಅವನು ಉಸಿರಿಗೆ ಒದ್ದಾಡುತ್ತಿದ್ದ. ಅವಳು ಚಾಚಿದ ಪೇಪರಿನಲ್ಲಿ ದಮ್ಮಿನ ಹಳೆಯ ಚಿಕಿತ್ಸೆ ಬರೆದಿತ್ತು.

“ಇದು ನಮ್ಮ ಭಾವಾರದ್ರಿ, ಇವರ ಅಣ್ಣಂದು,” ಎಂದು ತಾನೇ ಹೇಳಿದಳು. “ಒಂದ ಮನ್ಯಾಗ ಇರ್ತೀವ್ರಿ. ರೇಷನ್ ಕಾರ್ಡ್ ಒಂದ ಐತಿ. ಇದೂ ಒಂದ ಸಾಕಲ್ರಿ, ಅಕ್ಕಾರ?”

ಹಳೆಯ ಪೇಪರಿನವರ ಸಾಲು ಚಿಕ್ಕದು. ಹೊಸದು ಮಾಡಿಸಲು ಎರಡು ತಾಸು ನಿಲ್ಲಬೇಕು, ಅದನ್ನು ವಿವರಿಸಲು ನಾನು ಏಳಬೇಕು. “ಆಯ್ತು, ಹೋಗಿ,” ಎಂದೆ. ಕರುಣೆಯಿಂದಲ್ಲ, ನನ್ನ ಚಹಾ ಆರುತ್ತಿತ್ತು. ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಒಬ್ಬೊಬ್ಬರಿಗೆ ಎರಡು ನಿಮಿಷ ಕೊಡುವ ಡಾಕ್ಟರು ಪೇಪರ್ ನೋಡಿ ಅದೇ ದಮ್ಮಿನ ಔಷಧಿ ಬರೆದರು. ಮರುದಿನ ಅದೇ ಪೇಪರಿನ ಮೇಲೆ ಅವನನ್ನು ವಾರ್ಡಿಗೆ ಸೇರಿಸಿದರು. ಕಾಯಿಲೆ ಹೃದಯದ್ದೆಂದು ತಿಳಿಯುವಷ್ಟರಲ್ಲಿ ಅವನು ಸತ್ತಿದ್ದ.

ಕಾಗದದ ಪ್ರಕಾರ ಸತ್ತದ್ದು ಅಣ್ಣ. ಆ ಅಣ್ಣ ಹೊರಗೆ ಬೆಂಚಿನ ಮೇಲೆ ಕೂತು ಅಳುತ್ತಿದ್ದ. ಹೆಸರು ತಿದ್ದಿಸಹೋದರೆ ಪೊಲೀಸರು ಬರುತ್ತಿದ್ದರು, ಈ ಪೇಪರನ್ನು ಒಳಗೆ ಬಿಟ್ಟವರು ಯಾರು ಎಂದು ಕೇಳುತ್ತಿದ್ದರು. ನಾನು ಹೆದರಿದೆ. ಅಣ್ಣನ ಹೆಂಡತಿಯನ್ನು ಮೇಜಿನ ಬಳಿ ಕರೆದೆ.

“ಹೆಂಡತಿ ಅಂತ ನೀವೇ ಹೆಬ್ಬೆಟ್ಟು ಒತ್ತಿ ಮಾರಾಯ್ರೆ. ಸುಮ್ಮನೆ ಲಫಡಾ ಬೇಡ. ಬಾಡಿ ಬೇಗ ಸಿಗ್ತದೆ.”

ಅವಳು ಗಂಡನ ಮುಖ ನೋಡಿದಳು. ಅವನು ತಲೆಯಾಡಿಸಿದ. ಒತ್ತಿದಳು.

ಶವಾಗಾರದ ಬಾಗಿಲಲ್ಲಿ ಸಿಪಾಯಿ, ಹೆಂಡತಿ ಯಾರು, ಮುಖ ನೋಡಲು ಒಬ್ಬರೇ ಬನ್ನಿ ಎಂದ. ಸತ್ತವನ ಹೆಂಡತಿ ಮುಂದೆ ಬಂದಳು. ಸಿಪಾಯಿ ಕಾಗದ ನೋಡಿ, ಹೆಬ್ಬೆಟ್ಟು ಒತ್ತಿದವಳನ್ನು ಕರೆದ. ಸತ್ತವನ ಹೆಂಡತಿ ನನ್ನ ಕಡೆ ತಿರುಗಿದಳು.

“ಅಕ್ಕಾರ, ನಾ ಯಾರಂತ ಹೇಳ್ಲಿರಿ?”

“ತಮ್ಮನ ಹೆಂಡತಿ ಅಂತ ಹೇಳು.”

ಅವಳು ಹಾಗೆಯೇ ಹೇಳಿದಳು. ನೆಂಟರೆಲ್ಲ ಹೊರಗೆ ನಿಲ್ಲಿ ಎಂದು ಸಿಪಾಯಿ ಬಾಗಿಲು ಮುಚ್ಚಿದ.