ಹರಳೆಣ್ಣೆ ಹಚ್ಚಿದ ಚೆಂಡು

ಮೊನ್ನೆ ಮಾಗಡಿ ಕಡೆಯ ನೆಂಟರೊಬ್ಬರು ಮನೆಯಲ್ಲೇ ಕಾಯಿಸಿದ ಹರಳೆಣ್ಣೆಯನ್ನು ಒಂದು ಸೀಸೆಯಲ್ಲಿ ತಂದುಕೊಟ್ಟರು, ನನ್ನ ಮಂಡಿಗೆ ಆಗುತ್ತದೆ ಅಂತ. ಅಂಗಡಿಯ ಹರಳೆಣ್ಣೆಗೆ ಈಗ ವಾಸನೆಯೇ ಇರುವುದಿಲ್ಲ. ಇದಕ್ಕೆ ಇತ್ತು. ಬಿರಡೆ ತೆಗೆದ ಕೂಡಲೇ ಮೊಮ್ಮಗಳು ಮೂಗು ಮುಚ್ಚಿಕೊಂಡು ಬಾಲ್ಕನಿಗೆ ಹೋದಳು. ನಾನು ಸೀಸೆ ಹಿಡಿದು ಕೂತೇ ಇದ್ದೆ. ಹುರಿದ ಬೀಜದ, ಸ್ವಲ್ಪ ಸೀದ ವಾಸನೆ ಅದು. ಅದರ ಹಿಂದೆಯೇ ಚರ್ಮದ ವಾಸನೆಯೂ ಬಂದ ಹಾಗಾಯಿತು. ಸೀಸೆಯಲ್ಲಿ ಚರ್ಮ ಎಲ್ಲಿಂದ ಬರಬೇಕು... ಅದು ನನ್ನ ತಲೆಯೊಳಗಿನದು. ನನ್ನ ವಾರಗಿತ್ತಿ ನೆನಪಾದಳು. ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದೆ.

ನನ್ನದು ಮೂರನೇ ಕ್ಲಾಸಿನ ಅಕ್ಷರ. ಬಂದ ಹಾಗೆ ಬರೆಯುತ್ತೇನೆ.

ನಾನು ಹೊಸಹಳ್ಳಿಗೆ ಸೊಸೆಯಾಗಿ ಬಂದಾಗ ಅದು ಹಳ್ಳಿಯೇ. ಈಗ ಮೆಟ್ರೋ ಓಡುವ ಕಡೆ ರಾಗಿ ಹೊಲ ಇತ್ತು. ಆಚೆ ರಾಜಾಜಿನಗರ ಅನ್ನುವ ಬಡಾವಣೆಗೆ ಇನ್ನೂ ಕಲ್ಲು ನೆಡುತ್ತಿದ್ದರು. ಗಂಡಸರು ಬೆಳಗಾದರೆ ಹೊಲಕ್ಕೋ ಮಿಲ್ಲಿಗೋ ಹೋಗುತ್ತಿದ್ದರು. ಭಾನುವಾರ ಬಂದರೆ ಎಲ್ಲರಿಗೂ ಒಂದೇ ಹುಚ್ಚು, ಫುಟ್‌ಬಾಲು. ಬೂಟು ಗೀಟು ಏನಿಲ್ಲ, ಬರಿಗಾಲಲ್ಲೇ ಆಟ. ನಮ್ಮ ಮಾವನವರು ಊರಿನ ಕ್ಲಬ್ಬಿಗೆ ಯಜಮಾನರು. ಹಾಗಾಗಿ ಕ್ಲಬ್ಬಿನ ಚೆಂಡು ನಮ್ಮ ಮನೆಯಲ್ಲೇ ಇರುತ್ತಿತ್ತು. ಅಡುಗೆಮನೆಯ ತೊಲೆಗೆ, ಬೆಣ್ಣೆ ಗಡಿಗೆಯ ನೆಲುವಿನ ಪಕ್ಕದಲ್ಲಿ, ಜಾಳಿಗೆಯೊಳಗೆ ತೂಗಾಡುತ್ತಿತ್ತು.

ಶನಿವಾರ ಸಂಜೆ ಅದನ್ನು ಇಳಿಸಿ, ಹರಳೆಣ್ಣೆ ಬೆಚ್ಚಗೆ ಮಾಡಿ, ಹಳೇ ಬಟ್ಟೆಯಲ್ಲಿ ಅದ್ದಿ ಚರ್ಮಕ್ಕೆ ತೆಳ್ಳಗೆ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ ಮತ್ತೆ ನೇತುಹಾಕುವುದು ಸೊಸೆಯರ ಕೆಲಸ. ಇಲ್ಲದಿದ್ದರೆ ಚರ್ಮ ಬಿರಿಯುತ್ತದೆ. ಹೊರಗೆ ಕೂತ ಹೆಂಗಸು ಮಾತ್ರ ಅದನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಗೋಲು ಆಗುವುದಿಲ್ಲವಂತೆ. ಅದು ನಮ್ಮ ಅತ್ತೆಯ ಶಾಸ್ತ್ರ.

ಇಷ್ಟೆಲ್ಲಾ ಮಾಡಿದರೂ ನಾವು ಆಟ ನೋಡಿದವರಲ್ಲ. ಮೈದಾನಕ್ಕೆ ಹೆಂಗಸರು ಹೋಗುತ್ತಿರಲಿಲ್ಲ. ಕೂಸಿಗೆ ತಿಕ್ಕಿದ ಹಾಗೆ ಎಣ್ಣೆ ತಿಕ್ಕಿ ಚೆಂಡನ್ನು ಸಾಕುತ್ತಿದ್ದವರು ನಾವು. ಆಚೆ ಅದನ್ನು ಏನು ಮಾಡುತ್ತಾರೆ ಅನ್ನುವುದನ್ನು ಜಗಲಿಯ ಮಾತು ಕೇಳಿ ಊಹಿಸಿಕೊಳ್ಳಬೇಕಿತ್ತು. ಕಾಲಿನ ಆಟ ಅಂದರು, ಎಲ್ಲರೂ ಕಾಲಲ್ಲೇ ಆಡುತ್ತಾರೆ ಅಂದುಕೊಂಡಿದ್ದೆವು. ಗೋಲು ಕಾಯುವವನು ಅಂದರೆ ಹೊಲ ಕಾಯುವವನ ಹಾಗೆ ನಿಂತು, ಬಂದ ಚೆಂಡನ್ನು ಕಾಲಲ್ಲಿ ಆಚೆ ತಳ್ಳುವವನು ಅಂತ ನಮ್ಮ ಲೆಕ್ಕ.

ಅಕ್ಕನ ತಮ್ಮ ಗೋಲು ಕಾಯುವವನಾಗಿದ್ದ. ನಮ್ಮ ಕ್ಲಬ್ಬಿನಲ್ಲಲ್ಲ, ಕುರುಬರಹಳ್ಳಿ ಕಡೆಯ ಹುಡುಗರ ಕ್ಲಬ್ಬಿನಲ್ಲಿ. ನಮ್ಮವರಿಗೆ ಆ ಕ್ಲಬ್ಬೆಂದರೆ ಆಗದು.

ಅಕ್ಕನ ಅಪ್ಪ ಅಮ್ಮ ಯಾವತ್ತೋ ಹೋಗಿದ್ದರು. ತಮ್ಮ ಸೋದರಮಾವನ ಮನೆಯ ಕೊಟ್ಟಿಗೆ ಪಕ್ಕ ಮಲಗುತ್ತಿದ್ದ, ಅವರು ಹಾಕಿದ್ದು ತಿನ್ನುತ್ತಿದ್ದ. ಗೌರಿಹಬ್ಬಕ್ಕೆ ನಾನು ತವರಿಗೆ ಹೊರಟರೆ ಅಕ್ಕ ನನ್ನ ಗಂಟು ಕಟ್ಟಿಕೊಟ್ಟು ಒಳಗೆ ಹೋಗುತ್ತಿದ್ದಳು. ಅವಳನ್ನು ಕಳಿಸಿ ಅಂತ ಯಾರಾದರೂ ಅಂದರೆ ಅತ್ತೆ, "ಎಲ್ಲಿಗೆ ಕಳಿಸೋದು? ಕೊಟ್ಟಿಗೆಗಾ?" ಅನ್ನುತ್ತಿದ್ದರು. ಅವಳ ಗಂಡ ಕೆಟ್ಟವನಲ್ಲ, ಒಳ್ಳೆಯವನೂ ಅಲ್ಲ. ಅಪ್ಪ ಅಮ್ಮ ಹೇಳಿದ್ದಕ್ಕೆ ತಲೆ ಆಡಿಸುವವನು. ಕುರುಬರಹಳ್ಳಿ ಎಷ್ಟು ದೂರ? ಬದುವಿನ ಮೇಲೆ ನಡೆದರೆ ಕೈಯಲ್ಲಿ ಹಿಡಿದ ಮೊಸರು ಹುಳಿಯಾಗುವುದಿಲ್ಲ. ಆದರೂ ಮದುವೆಯಾದ ಮೇಲೆ ಅವಳು ಆ ಕಡೆ ಕಾಲಿಟ್ಟಿರಲಿಲ್ಲ.

ಒಂದು ಆಸೆ ಇತ್ತು. ತಮ್ಮನ ಆಟ ನೋಡಿದ ಮಿಲ್ಲಿನ ಮೇಸ್ತ್ರಿಯೊಬ್ಬ, "ನಿಮ್ಮ ಕ್ಲಬ್ಬು ಈ ವರ್ಷ ಮೇಲಿನ ಡಿವಿಜನ್ನಲ್ಲೇ ಉಳೀಲಿ, ನಿನ್ನ ಮಿಲ್ಲಿಗೆ ಸೇರಿಸ್ಕೋತೀನಿ. ಕೆಳಗೆ ಬಿದ್ದ ಕ್ಲಬ್ಬಿನ ಹುಡುಗನ್ನ ಸಾಹೇಬರು ಒಪ್ಪಲ್ಲ" ಅಂದಿದ್ದನಂತೆ. ಕೆಲಸ ಸಿಕ್ಕರೆ ಮಿಲ್ಲಿನ ಸಾಲುಮನೆಯಲ್ಲಿ ಒಂದು ಕೋಣೆ. ಕೋಣೆಯಾದರೆ ಅಕ್ಕನಿಗೆ ಒಂದು ತವರು. ತಮ್ಮ ಇದನ್ನು ಅದೊಂದು ಸಲ ಮಾತ್ರ, ಬೀದಿ ನಲ್ಲಿಯ ಹತ್ತಿರ ಯಾರ ಕೈಲೋ ಹೇಳಿಕಳಿಸಿದ್ದ. "ಅವನ ಒಲೆ ಮೇಲೆ ನಾನೇ ಮೊದಲು ಹಾಲು ಉಕ್ಕಿಸ್ತೀನಿ ಕಣೇ" ಅಂದಿದ್ದಳು ನನ್ನ ಹತ್ತಿರ. ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಆ ವರ್ಷ ಜಗಲಿಯ ಮೇಲೆ ಅವರ ಕ್ಲಬ್ಬಿನದೇ ಮಾತು. ಅವರಿಗೆ ಜರ್ಸಿ, ಬಸ್ಸು, ಚೆಂಡು ಎಲ್ಲ ಕೊಡಿಸುತ್ತಿದ್ದ ಇಟ್ಟಿಗೆ ಗೂಡಿನ ಯಜಮಾನನ ಜಾಗ ಬಡಾವಣೆಗೆ ಹೋಗಿತ್ತು. ಆತ ಕೈ ಎತ್ತಿಬಿಟ್ಟಿದ್ದ. ನಮ್ಮ ಮನೆಗೆ ಬರುತ್ತಿದ್ದ ಟೈಲರಿಗೆ ಇದನ್ನು ಹೇಳುವುದೆಂದರೆ ಹಬ್ಬ.

"ಗೌಡ್ರೇ, ಕೇಳಿದ್ರಾ? ಹಾಫ್‌ಟೈಮಲ್ಲಿ ಕೊಡೋಕೆ ನಿಂಬೆಹಣ್ಣಿಗೂ ಗತಿ ಇಲ್ವಂತೆ. ನಮ್ಮ ಹುಡುಗ್ರು ಚೀಪಿ ಬಿಸಾಕಿದ ಸಿಪ್ಪೆ ಆರಿಸ್ಕೊಳ್ಳಿ ಅಂದೆ."

"ಪಾಪ, ಹಂಗನ್ಬೇಡವೋ" ಅನ್ನುತ್ತಿದ್ದರು ಮಾವನವರು, ನಗು ತಡೆಯದೆ. "ಜರ್ಸಿನಾದ್ರೂ ಹೊಲ್ಕೊಟ್ಟಿದೀಯಾ ಅವರಿಗೆ?"

"ಹಳೇದಕ್ಕೇ ತೇಪೆ ಹಾಕ್ದೆ. ತೇಪೆನೇ ಜಾಸ್ತಿ ಈಗ, ಜರ್ಸಿ ಕಮ್ಮಿ. ಚೆಂಡಿನ ಬ್ಲಾಡರ್‌ಗೆ ಸೈಕಲ್ ಪಂಚರ್ ಹಾಕ್ಸಿ ಹಾಕ್ಸಿ, ಒಂದು ಒದ್ರೆ ಉಸ್ ಅಂತದೆ. ಈ ಸಲ ಕೆಳಗೆ ಬೀಳೋದು ಗ್ಯಾರಂಟಿ."

"ಕೊನೇ ಆಟ ನಮ್ ಮೇಲೇನೆ ಅಲ್ವಾ?" ಅಂದ ನನ್ನ ಗಂಡ.

"ಅದೇ ಮಜಾ ಇರೋದು. ಅವರಿಗೆ ಸಮ ಆದ್ರೂ ಸಾಕು, ಉಳ್ಕೋತಾರೆ. ಆಗಕ್ಕೆ ಬಿಡ್ತೀವಾ? ನಮ್ಮ ಕೈಯಾರೆ ಕೆಳಗೆ ದಬ್ಬೋಣ."

ಎಲ್ಲರೂ ನಕ್ಕರು. ಆ ನಗುವಿಗೆ ಕಾಫಿ ಕಾಯಿಸಿ ಕೊಡುತ್ತಿದ್ದವಳು ಅಕ್ಕ. ಅವಳ ತಮ್ಮನ ಕ್ಲಬ್ಬು ಅಂತ ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಲೋಟ ತೆಗೆದುಕೊಳ್ಳುವಾಗ ಟೈಲರು, "ಏನಮ್ಮಾ, ತಮ್ಮ ಹೆಂಗವ್ನೆ?" ಅಂತ ಕೇಳುತ್ತಿದ್ದ. ಅವಳು ತಲೆ ತಗ್ಗಿಸಿ ಒಳಗೆ ಬರುತ್ತಿದ್ದಳು. ಬಾಗಿಲ ಸಂದಿಯಲ್ಲಿ ನಿಂತು ಅವರ ಮಾತನ್ನೆಲ್ಲ ಕೇಳುತ್ತಿದ್ದಳು. ತಮ್ಮನ ಸುದ್ದಿ ಅವಳಿಗೆ ಸಿಗುತ್ತಿದ್ದುದು ಅವರ ಗೇಲಿಯಲ್ಲೇ. ಬೇರೆ ದಾರಿ ಇರಲಿಲ್ಲ.

ಎದುರು ಕ್ಲಬ್ಬಿಗೆ ಸರಿಯಾದ ಚೆಂಡಿಲ್ಲ, ಆದ್ದರಿಂದ ಕೊನೇ ಆಟ ನಮ್ಮ ಚೆಂಡಿನಲ್ಲೇ ಅಂತ ತೀರ್ಮಾನವಾಯಿತು. ಅವತ್ತು ಮಾವನವರು ಜಗಲಿಯಿಂದಲೇ ಕೂಗಿ ಹೇಳಿದರು, "ಎಣ್ಣೆ ಹಿತವಾಗಿ ಹಚ್ರಮ್ಮ. ಹೋದ ಸಲ ಜಾಸ್ತಿ ಹೀರಿ ಚೆಂಡು ಕಲ್ಲಾಗಿತ್ತು. ಎಷ್ಟು ಒದ್ರೂ ಏಳಲಿಲ್ಲ. ಗೋಲು ಎಲ್ಲಿಂದ ಆಗಬೇಕು?"

ಅಕ್ಕ ಒಲೆ ಊದುತ್ತಿದ್ದಳು. ಊದುವ ಕೊಳವೆ ಬಾಯಿಂದ ತೆಗೆದು ಹಾಗೇ ಕೂತಳು.

ಆ ಶನಿವಾರ ನಾನು ಹೊರಗೆ ಕೂತಿದ್ದೆ. ಹಿತ್ತಿಲ ಬಾಗಿಲ ಆಚೆ ನನ್ನ ಚಾಪೆ. ಚೆಂಡಿನ ಕೆಲಸ ಅಕ್ಕನೊಬ್ಬಳದೇ ಆಯಿತು. ಅತ್ತೆ ದೀಪ ಹಚ್ಚಲು ದೇವರ ಗೂಡಿನ ಹತ್ತಿರ ಹೋದ ಹೊತ್ತಿಗೆ ಅಕ್ಕ ಬಟ್ಟೆ ಬಿಸಾಕಿ, ಎಣ್ಣೆ ಸೌಟನ್ನೇ ಎತ್ತಿಕೊಂಡಳು. ಚೆಂಡನ್ನು ಮಡಿಲಲ್ಲಿಟ್ಟು, ಬ್ಲಾಡರ್ ತೂರಿಸುವ ಸೀಳಿಗೆ ಬಿಗಿದಿದ್ದ ಲೇಸನ್ನು ಸಡಿಲ ಮಾಡಿದಳು. ಆ ಸೀಳಿನೊಳಗೆ ಹೊಯ್ದಳು. ಹೊಲಿಗೆ ಹೊಲಿಗೆಗೆ ಬೆರಳಲ್ಲಿ ತುಂಬಿದಳು. ಚರ್ಮ ಕಪ್ಪಾಗುವ ತನಕ ಕುಡಿಸಿದಳು. ನಾನು ಬಾಗಿಲಾಚೆಯಿಂದ ನೋಡುತ್ತಲೇ ಇದ್ದೆ. ಅವಳೂ ನನ್ನನ್ನು ನೋಡಿದಳು.

"ಭಾರ ಆದ್ರೆ ಏಳಲ್ಲ" ಅಂದಳು ಮೆಲ್ಲಗೆ. "ಏಳದೇ ಇದ್ರೆ ಗೋಲಿಲ್ಲ. ಸಮ ಆದ್ರೆ ಸಾಕಂತೆ."

ಸರಿಯಾಗಿಯೇ ಯೋಚನೆ ಮಾಡಿದ್ದಾಳೆ ಅನಿಸಿತು. ಅವತ್ತು ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಬೆಳಿಗ್ಗೆ ಮೇಲಿನ ಎಣ್ಣೆಯನ್ನು ಬೂದಿ ಹಾಕಿ ಒರೆಸಿ, ಏನೂ ಆಗದ ಹಾಗೆ ಜಾಳಿಗೆಯಲ್ಲಿಟ್ಟು ಕೊಟ್ಟಳು. ಆ ಭಾನುವಾರ ಮಧ್ಯಾಹ್ನ ಪೂರ್ತಿ ಅವಳು ಹಿತ್ತಿಲ ಕಲ್ಲಿನ ಮೇಲೆ ಕೂತು ರಾಗಿ ಕೇರಿದಳು. ಕೇರಿದ್ದನ್ನೇ ಮತ್ತೆ ಕೇರಿದಳು...

ಸಂಜೆ ಗಂಡಸರು ಕೇಕೆ ಹಾಕಿಕೊಂಡು ಬಂದರು. ನಮ್ಮವರು ಗೆದ್ದಿದ್ದರು. ನಾನು ಚಾಪೆ ಬಿಟ್ಟು ಏಳುವ ಹಾಗಿರಲಿಲ್ಲ. ಆದರೆ ಜಗಲಿಯ ಮಾತು ಹಿತ್ತಿಲಿಗೂ ಕೇಳುತ್ತಿತ್ತು.

"ಅಬ್ಬಬ್ಬಾ, ಏನ್ ಕೈಯೋ ಅವನ್ದು!" ಅಂತಿದ್ದ ಟೈಲರು. "ಬೆಣ್ಣೆ ಸವರ್ಕೊಂಡು ಬಂದಿದ್ನೋ ಏನೋ. ನಮ್ಮ ಹುಡುಗ ಸುಮ್ನೆ ಹಂಗೆ ತಟ್ಟಿದ, ಚೆಂಡು ಉರುಳ್ಕೊಂಡು ಹೋಯ್ತು. ಹಿಡಿದ. ಹಿಡಿದೇ ಬಿಟ್ಟ ಅಂದ್ಕೊಂಡ್ರೆ, ಮೀನ್ ಜಾರ್ದಂಗೆ ಜಾರ್ತು!"

"ನಮ್ಮೋನ ಕೈಲೂ ಜಾರ್ತಿತ್ತು ಕಣೋ" ಅಂದ ನನ್ನ ಗಂಡ.

"ನಮ್ಮೋನ ಹತ್ರ ಚೆಂಡು ಬಂದ್ರೆ ತಾನೆ!"

ಅಕ್ಕ ಕಾಫಿ ತಟ್ಟೆ ಕೆಳಗಿಟ್ಟು ಹಿತ್ತಿಲ ಬಾಗಿಲಿಗೆ ಬಂದಳು.

"ಕೈಲಿ ಹಿಡೀತಾರೇನೇ?" ಅಂದಳು.

ನನಗೇನು ಗೊತ್ತು. ನಾನೂ ಅವತ್ತೇ ಕೇಳಿದ್ದು. ಒದ್ದ ಹಾಗೆಲ್ಲ ಒಳಗೆ ಕುಡಿಸಿದ್ದ ಎಣ್ಣೆ ಹೊಲಿಗೆಯಿಂದ ಒಸರಿರಬೇಕು.

ಒಳಗಿಂದ ಅತ್ತೆ ಕಾಫಿ ಅಂತ ಕೂಗಿದರು. ಅಕ್ಕ ತಟ್ಟೆ ಎತ್ತಿಕೊಂಡು ಹೋದಳು.

ಕೆಲವು ದಿನ ಕಳೆದ ಮೇಲೆ ಅವಳ ತಮ್ಮ ಬಂದ. ಅಷ್ಟು ಹೊತ್ತಿಗೆ ನಾನು ಒಳಗೆ ಬಂದಿದ್ದೆ. ಅವನನ್ನು ನಾನು ನೋಡಿದ್ದು ಅದೊಂದೇ ಸಲ. ಉದ್ದಕ್ಕೆ ಇದ್ದ, ಕೈಗಳೂ ಉದ್ದ. ಮಿಲ್ಲಿನ ಮೇಸ್ತ್ರಿ ಮುಖ ತಿರುಗಿಸಿದ್ದ, ಸ್ವಂತ ಕ್ಲಬ್ಬಿನ ಹುಡುಗರೇ ದುಡ್ಡು ತಿಂದು ಗೋಲು ಬಿಟ್ಟೆ ಅಂತ ಹೊಡೆಯಲು ಹೋಗಿದ್ದರಂತೆ. ಕೋಲಾರದ ಗಣಿಗೆ ಹೋಗುತ್ತೇನೆ, ಅಕ್ಕನಿಗೆ ಹೇಳಿಹೋಗಲು ಬಂದೆ ಅಂದ. ಮಾವನವರು, "ಬಾರಪ್ಪ, ನೀನು ನಮಗೆ ಬೇಕಾದೋನು" ಅಂತ ನಗುತ್ತಾ ಜಗಲಿಯಲ್ಲಿ ಕೂರಿಸಿದರು. ಟೈಲರೂ ಅಲ್ಲೇ ಇದ್ದ.

"ಯಾವತ್ತೂ ಹಿಂಗಾಗಿರಲಿಲ್ಲ ಕಣಕ್ಕ" ಅಂದ ಅವನು, ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಾ. "ಹಿಡ್ದೆ ಅಂದ್ಕೊಂಡೆ. ಇರಲೇ ಇಲ್ಲ. ನನ್ನ ಕೈಗೇ ಏನೋ ಬಂದಿದೆ."

ಅಕ್ಕ ಒಳಗೆ ಹೋದಳು. ಬಿಸಿನೀರು, ಸೀಗೆಪುಡಿ ತಂದಳು. ಎಲ್ಲರ ಎದುರಿಗೇ ಅವನ ಕೈ ಹಿಡಿದು ತೊಳೆಯಲು ಶುರುಮಾಡಿದಳು. ಆಟ ಮುಗಿದು ಅಷ್ಟು ದಿನವಾಗಿತ್ತು, ತೊಳೆಯಲು ಅಲ್ಲಿ ಏನಿತ್ತು? ಆದರೂ ಬೆರಳು ಬೆರಳು ತಿಕ್ಕಿದಳು.

"ತೊಳೀಯಮ್ಮ, ಚೆನ್ನಾಗಿ ತೊಳಿ" ಅಂದ ಟೈಲರು. "ಬೆಣ್ಣೆ ಇನ್ನೂ ಅಂಟ್ಕೊಂಡಿರ್ಬೇಕು."

ಮಾವನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಬಾಗಿಲ ಹಿಂದೆ ನಿಂತು ಅಕ್ಕನ ಬಾಯನ್ನೇ ನೋಡುತ್ತಿದ್ದೆ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಅಂತ. ಹೇಳಿದ್ದರೆ ಆ ಹುಡುಗನಿಗೆ ತನ್ನ ಕೈಯ ಮೇಲಿನ ನಂಬಿಕೆ ಉಳಿಯುತ್ತಿತ್ತು. ಆದರೆ ಅವಳನ್ನು ಅವತ್ತೇ ಹೊಸಿಲಾಚೆ ಹಾಕುತ್ತಿದ್ದರು. ಹೋಗುವುದಾದರೂ ಎಲ್ಲಿಗೆ? ಆ ಕೊಟ್ಟಿಗೆಯೂ ಅವನ ಪಾಲಿಗೆ ಮುಗಿದಿತ್ತು. ಅವಳು ಸೆರಗಿನಲ್ಲಿ ಅವನ ಕೈ ಒರೆಸಿದಳು. ಅವನು ಕಾಫಿ ಕುಡಿದು ಎದ್ದ. ಬದುವಿನ ಮೇಲೆ ಹೋಗುವುದು ಸ್ವಲ್ಪ ಹೊತ್ತು ಕಾಣುತ್ತಿತ್ತು... ಮತ್ತೆ ಬರಲಿಲ್ಲ. ಕಾಗದವೂ ಇಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ದೊಡ್ಡ ಸೊಸೆ ಒಬ್ಬಳೇ ಎಣ್ಣೆ ಹಚ್ಚಿದ ವಾರ ಗೆದ್ದೆವು ಅಂತ ಮಾವನವರ ತಲೆಗೆ ಹೊಕ್ಕಿತು. "ನಿನ್ನ ಕೈಗುಣ ಕಣಮ್ಮ. ಇನ್ಮೇಲೆ ಚೆಂಡು ನೀನೇ ನೋಡ್ಕೋ, ಬೇರೆ ಯಾರೂ ಮುಟ್ಟಬಾರದು" ಅಂದರು. ನಾನು ಮಾಡುತ್ತೇನೆ ಅಂತ ಹೋದರೆ ಅತ್ತೆ ಗದರಿದರು. ಹೀಗಾಗಿ ಪ್ರತಿ ಶನಿವಾರ ಅವಳು ಆ ಚೆಂಡನ್ನು ಇಳಿಸಿ ಮಡಿಲಲ್ಲಿಟ್ಟುಕೊಳ್ಳುತ್ತಿದ್ದಳು. ತೆಳ್ಳಗೆ ಹಚ್ಚುತ್ತಿದ್ದಳು, ಒರೆಸುತ್ತಿದ್ದಳು, ನೇತುಹಾಕುತ್ತಿದ್ದಳು. ಅತ್ತದ್ದನ್ನು ನಾನು ನೋಡಲಿಲ್ಲ. ಆಮೇಲೆ ನಮ್ಮ ಹೊಲವೂ ಬಡಾವಣೆಗೆ ಹೋಯಿತು, ನಮ್ಮ ಕ್ಲಬ್ಬೂ ಮುಚ್ಚಿತು. ಜಾಳಿಗೆ ಮಾತ್ರ ಬಹಳ ಕಾಲ ತೊಲೆಯಲ್ಲೇ ಇತ್ತು. ಅಕ್ಕನೂ ಆ ಮನೆಯಲ್ಲೇ ಇದ್ದಳು, ಅಲ್ಲೇ ಸತ್ತಳು. ಗೌರಿಹಬ್ಬಕ್ಕೆ ಒಂದು ಸಲವೂ ಎಲ್ಲಿಗೂ ಹೋಗಲಿಲ್ಲ.

ಅವಳು ಹೋದ ಮೇಲೆ ಮನೆಗೆ ಟೀವಿ ಬಂತು. ಅದರಲ್ಲಿ ನಾನು ಮೊದಲ ಸಲ ಫುಟ್‌ಬಾಲ್ ನೋಡಿದೆ. ಗೋಲು ಕಾಯುವವನು ಹಾರಿ, ಚೆಂಡನ್ನು ಎರಡು ಕೈಯಲ್ಲಿ ತಬ್ಬಿಕೊಂಡು ನೆಲಕ್ಕೆ ಬಿದ್ದ. ಇಷ್ಟೇನಾ ಅನಿಸಿತು. ಚೆಂಡಿಗೆ ಎಣ್ಣೆ ಹಚ್ಚಲು ಹೆಂಗಸು ಬೇಕಿತ್ತು, ಒಂದು ಸಲ ಕರೆದುಕೊಂಡು ಹೋಗಿ ಇಷ್ಟನ್ನು ತೋರಿಸಲು ಯಾರಿಗೂ ಆಗಲಿಲ್ಲ.

ಮೊನ್ನೆ ಮಂಡಿಗೆ ಎಣ್ಣೆ ತಿಕ್ಕಿಕೊಂಡು, ಸೋಪಿನಲ್ಲಿ ಕೈ ತೊಳೆದು, ನೀರಿನ ಲೋಟ ಎತ್ತಲು ಹೋದೆ. ಜಾರಿ ಬಿತ್ತು. ಮೊಮ್ಮಗಳು ಬಾಲ್ಕನಿಯಿಂದ ಓಡಿಬಂದು, "ಏನಾಯ್ತಜ್ಜಿ, ಕೈ ನಡುಗ್ತಿದ್ಯಾ?" ಅಂದಳು.

"ಕೈಗೇನೂ ಆಗಿಲ್ಲ. ಎಣ್ಣೆ" ಅಂದೆ.

ಅಕ್ಕ ತನ್ನ ತಮ್ಮನಿಗೆ ಹೇಳಲಾಗದೆ ಹೋದದ್ದು ಇಷ್ಟೇ ಮಾತು.