ಘಾಟಿಗೆ ಕೆಮ್ಮದ ಮನೆ

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಿಗೆಲ್ಲ ಫಕ್ಕೀರವ್ವನೇ ಮುಂದಾಳು. ಕೈ ತುಂಬ ಕೆಲಸ, ಬಾಯಿ ತುಂಬ ಮಾತು. ಸುಗ್ಗಿಯ ತಿಂಗಳುಗಳಲ್ಲಿ ಕೋಳಿ ಕೂಗುವ ಮೊದಲೇ ರಾಶಿಯ ಮುಂದೆ ಕೂತಿರುತ್ತಿದ್ದಳು. ಮಧ್ಯಾಹ್ನ ಮನೆಗೆ ಬಂದು ಎರಡು ರೊಟ್ಟಿ ತಿಂದು ಅಂಗಾತ ಬಿದ್ದುಕೊಂಡರೆ ಅದೇ ಅವಳ ನಿದ್ದೆ. ಕಳೆದುಕೊಂಡ ನಿದ್ದೆಯನ್ನು ಸಿಕ್ಕ ಹೊತ್ತಿನಲ್ಲಿ ವಸೂಲು ಮಾಡಬಹುದೆಂದು ಅವಳು ನಂಬಿದ್ದಳು. ದೇಹ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ.

ಅಂಥ ಒಂದು ಮಧ್ಯಾಹ್ನ ಕಣ್ಣು ಬಿಟ್ಟಳು. ಮೇಲೆ ತಗಡಿನ ಸೂರು ಕಾಣುತ್ತಿತ್ತು. ಹೊರಗೆ ಗಂಡ ಗೋಣೆಪ್ಪ ಫೋನಿನಲ್ಲಿ ಹರಟುವುದು ಕೇಳುತ್ತಿತ್ತು. ಆದರೆ ಕೈ ಏಳಲಿಲ್ಲ, ಕಾಲು ಸರಿಯಲಿಲ್ಲ, ಕೂಗೋಣವೆಂದರೆ ನಾಲಿಗೆ ಕಲ್ಲಾಗಿತ್ತು. ಎದೆಯ ಮೇಲೆ ತುಂಬಿದ ಚೀಲ ಹೇರಿದಂಥ ಭಾರ, ಮೂಲೆಯಲ್ಲಿ ಕರ್ರಗೆ ಯಾರೋ ನಿಂತಂತೆ. ಸ್ವಲ್ಪ ಹೊತ್ತಿಗೆ ಎಲ್ಲ ತಾನಾಗಿ ಸಡಿಲವಾಯಿತು. ಎದ್ದು ನೋಡಿದರೆ ಮೂಲೆಯಲ್ಲಿ ಪೊರಕೆ ಬಿಟ್ಟರೆ ಏನೂ ಇರಲಿಲ್ಲ. ಕೆಲವು ದಿನಗಳಲ್ಲಿ ಮತ್ತೆ ಹಾಗೇ ಆಯಿತು.

ಇದನ್ನು ಅವಳು ತೊಟ್ಟು ಬಿಡಿಸುತ್ತ ಜತೆಯವರಿಗೆ ಹೇಳಿದಳು. ಹೇಳಬಾರದಿತ್ತು. ಸಂಜೆಯೊಳಗೆ ಸುದ್ದಿ ಗುತ್ತಲ ತಲುಪಿತು. ಅಲ್ಲಿ ಗಂಡನ ಮನೆಯಲ್ಲಿ ಅವಳ ಮಗಳು ಸುಚಿತ್ರಾ ತುಂಬು ಬಸುರಿ. ಸೀಮಂತದ ಕುಬಸ ಮುಗಿದಿತ್ತು, ಚೊಚ್ಚಲ ಹೆರಿಗೆಗೆ ತವರಿಗೆ ಬರುವುದೊಂದೇ ಬಾಕಿ. ಸುಚಿತ್ರಾಳ ಅತ್ತೆ ಭರಮವ್ವನ ಫೋನು ಬಂತು.

"ಎದಿ ಮ್ಯಾಲೆ ದೆವ್ವ ಕುಂದ್ರೂ ಮನೀಗೆ ಬಸರಿ ಹುಡಿಗೀನ್ನ ಹೆಂಗ ಕಳಸ್ಲಿ, ನೀವ ಹೇಳ್ರಿ."

ಫಕ್ಕೀರವ್ವನಿಗೆ ದೆವ್ವಕ್ಕಿಂತ ಈ ಮಾತೇ ಹೆಚ್ಚು ಭಾರವಾಯಿತು. ಬಾಣಂತಿಗೆಂದು ಅಂಟು ಕೊಬ್ಬರಿಯ ಉಂಡಿ ಕಟ್ಟಲು ಡಬ್ಬಿ ತೊಳೆದಿಟ್ಟವಳು ಅವಳು. ಮರುದಿನವೇ ಗೋಣೆಪ್ಪನನ್ನು ಎಬ್ಬಿಸಿಕೊಂಡು ಹಾವೇರಿಗೆ ಹೋಗಿ ಡಾಕ್ಟರು ಸಿಮ್ರಾನ ಅವರ ಮುಂದೆ ಕೂತಳು. ಅವರು ಎಲ್ಲ ಕೇಳಿ, ತಪಾಸಣೆ ಮಾಡಿ ನಕ್ಕರು.

"ದೆವ್ವ ಅಲ್ಲರಿ ಅವ್ವಾರ. ಕನಸು ಬೀಳೂ ಹೊತ್ತಿನ್ಯಾಗ ಮೆದುಳು ಕೈಕಾಲಿಗೆ ಚಿಲಕ ಹಾಕತೈತಿ. ಇಲ್ಲಂದ್ರ ಕನಸಿನ್ಯಾಗ ಜಗಳಾ ಬಂದ್ರ ಬಾಜೂಕ ಮಲಗಿದ ಯಜಮಾನ್ರಿಗೆ ಖರೇನ ಹೊಡೀತಿದ್ರಿ."

"ಹಂಗೂ ಹೊಡೀತಾಳ್ರಿ," ಎಂದ ಗೋಣೆಪ್ಪ.

"ನೀವ ಸುಮ್ಮ ಕುಂದರ್ರಿ," ಎಂದಳು ಫಕ್ಕೀರವ್ವ.

"ಒಮ್ಮೊಮ್ಮೆ ಏನಾಕ್ಕೈತಿ, ಎಚ್ಚರ ಮೊದಲ ಬರತೈತಿ, ಚಿಲಕ ಆಮ್ಯಾಲೆ ತೆಗೀತೈತಿ. ನಡುವ ಕನಸಿನ ತುಣುಕು ಕಣ್ಣ ಮುಂದ ನಿಂತಿರತೈತಿ. ಜೋರ ಉಸರು ಎಳೀಬೇಕಂದ್ರ ಎದಿ ಕೇಳಂಗಿಲ್ಲ, ಅದಕ್ಕ ಭಾರ. ನಿದ್ದಿಗೆಟ್ಟವರಿಗೆ, ಹೊತ್ತಲ್ಲದ ಹೊತ್ತಿನ್ಯಾಗ ಅಂಗಾತ ಮಲಗೂವರಿಗೆ ಇದು ಜಾಸ್ತಿ. ಜೀವಕ್ಕೇನೂ ಧೋಕಾ ಇಲ್ಲ. ಒಂದ ಹೊತ್ತಿಗೆ, ಮಗ್ಗಲಾಗಿ, ಕಣ್ತುಂಬ ಮಲಗ್ರಿ."

ಇಷ್ಟನ್ನೂ ಫಕ್ಕೀರವ್ವ ಬಾಯಿಪಾಠ ಮಾಡಿಕೊಂಡು ಬಂದಳು. ಎರಡು ದಿನಕ್ಕೆ ಭರಮವ್ವ ಮನೆ ನೋಡಲು ಖುದ್ದಾಗಿ ಬಂದಾಗ ಒಂದಕ್ಷರ ಬಿಡದೆ ಒಪ್ಪಿಸಿದಳು. ಭರಮವ್ವ ಸೆರಗು ಸರಿಮಾಡಿಕೊಂಡಳು.

"ಡಾಕ್ಟರು ಹೇಳಿದ್ದಾತು. ಈಗ ಮೆಣಸಿನಕಾಯಿ ಏನ ಹೇಳತೈತಿ ನೋಡೂಣು."

ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಬೇಕು. ಘಾಟಿಗೆ ಮನೆಯವರು ಕೆಮ್ಮಿದರೆ ದೋಷವಿಲ್ಲ, ಕೆಮ್ಮದಿದ್ದರೆ ಏನೋ ಇದೆ ಎಂದೇ ಅರ್ಥ. ಭರಮವ್ವ ನಿವಾಳಿಸಿ ಒಲೆಯ ಕೆಂಡಕ್ಕೆ ಹಾಕಿ ಅಂಗಳಕ್ಕೆ ಹೋಗಿ ನಿಂತಳು. ಹೊಗೆ ಎದ್ದಿತು. ಫಕ್ಕೀರವ್ವ ಕೆಮ್ಮಲಿಲ್ಲ. ಕೆಮ್ಮಲು ನೋಡಿದಳು, ಬರಲಿಲ್ಲ. ಗೋಣೆಪ್ಪ ಊದುಬತ್ತಿಯ ಮುಂದೆ ನಿಂತವನ ಹಾಗೆ ನಿಂತಿದ್ದ.

"ನೋಡಿದ್ರಿಲ್ಲೋ?" ಎಂದಳು ಭರಮವ್ವ ಹೊರಗಿನಿಂದ. "ಒಬ್ರರ ಕೆಮ್ಮಿದ್ರಿ? ಹುಡಿಗಿ ಗುತ್ತಲದಾಗ ಇರ್ಲಿ. ನಾನ ಬಾಣಂತನ ಮಾಡ್ತೇನಿ."

ಫಕ್ಕೀರವ್ವನ ಮುಖ ಬಿಳಿಚಿತು. ಗೋಣೆಪ್ಪ ತಲೆ ಕೆರೆದುಕೊಂಡ.

"ಅಕ್ಕಾರ, ನಾ ಇಪ್ಪತ್ತ ವರ್ಸ ಮೆಣಸಿನಕಾಯಿ ಚೀಲ ಹೊತ್ತಂವ. ಈಕಿ ಅದರ ಧೂಳಿನ್ಯಾಗ ಮುಳುಗಿ ಎದ್ದಾಕಿ. ನಾಕ ಕಾಯಿಗೆ ಕೆಮ್ಮಿದ್ರ ಬ್ಯಾಡಗಿಯಾಗ ನಮ್ಮ ಮರ್ಯಾದಿ ಉಳೀತೈತೇನ್ರಿ?"

ಫಕ್ಕೀರವ್ವನ ಕಣ್ಣು ಫಳಕ್ಕನೆ ಹೊಳೆಯಿತು.

"ಖರೇ ಐತಿ! ಅಕ್ಕಾರ, ದೆವ್ವ ಇದ್ರ ನಿಮಗೂ ಘಾಟು ಹತ್ತಬಾರ್ದು. ಒಳಗ ಬರ್ರಿ ನೋಡೂಣು."

"ನನಗ್ಯಾಕ?"

"ಹೆದರಿಕೀ ಏನ್ರಿ?"

ಈ ಮಾತಿಗೆ ಭರಮವ್ವ ಸೋಲುವವಳಲ್ಲ. ದೊಡ್ಡ ಹೆಜ್ಜೆಯಿಟ್ಟು ಒಳಗೆ ಬಂದಳು. "ನಾ ಯಾರಿಗೂ..." ಎನ್ನುವಷ್ಟರಲ್ಲಿ ಕೆಮ್ಮು ಹತ್ತಿತು. ಎಂಥ ಕೆಮ್ಮು! ಕಣ್ಣಲ್ಲಿ, ಮೂಗಲ್ಲಿ ನೀರು. ಬೀಗರ ಮನೆಯೆಂಬುದನ್ನೂ ಮರೆತು ಸೆರಗಿನಲ್ಲೇ ಮೂಗು ಸೀಟಿಕೊಂಡಳು. ಫಕ್ಕೀರವ್ವ ಅವಳ ಬೆನ್ನು ಉಜ್ಜುತ್ತ ನಗುತ್ತಿದ್ದಳು. ಉಸಿರು ಸಿಕ್ಕ ಮೇಲೆ ಭರಮವ್ವನಿಗೂ ನಗು ತಡೆಯಲಾಗಲಿಲ್ಲ.

"ಬಂದ ಮಾಡ್ರಿ ಒಲಿ, ಬಂದ ಮಾಡ್ರಿ! ಮನ್ಯಾಗ ಏನೂ ಇಲ್ಲ, ನಿಮ್ಮ ಮೂಗಷ್ಟ ಸತ್ತಾವು!"

ನೀರು ಕುಡಿದು, ಚಹಾ ಕುಡಿದು, ಗುತ್ತಲಕ್ಕೆ ಫೋನು ಹಚ್ಚಿದಳು. "ಸುಚಿತ್ರಾ, ಅರಬಿ ಗಂಟ ಕಟ್ಟವಾ. ಆದಿತ್ಯವಾರ ನಿಮ್ಮವ್ವನ ಮನೀಗೆ ಹೊಂಟಿ." ಆಮೇಲೆ ಫಕ್ಕೀರವ್ವನ ಕಡೆ ತಿರುಗಿ ಬೆರಳೆತ್ತಿದಳು. "ಹುಡಿಗಿ ಹಡದು ಹೊಳ್ಳಿ ಬರೂತನಕ ನೀವು ನಸುಕಿನ್ಯಾಗ ಮಾರ್ಕೆಟ್ಟಿಗೆ ಹೋಗಂಗಿಲ್ಲ. ಆ ಡಾಕ್ಟರವ್ವ ಹೇಳಿದ್ದು ನನಗೂ ತಿಳದೈತಿ."

ಫಕ್ಕೀರವ್ವ ಜೀವಮಾನದಲ್ಲಿ ಯಾರ ಅಪ್ಪಣೆಯನ್ನೂ ಇಷ್ಟು ಬೇಗ ಒಪ್ಪಿದವಳಲ್ಲ.

ಸೋಮವಾರ ಬಿಸಿಲೇರಿದರೂ ಆ ಮನೆಯಲ್ಲಿ ಇಬ್ಬರು ಹೆಂಗಸರು ಏಳಲಿಲ್ಲ. ದೊಡ್ಡ ಹೊಟ್ಟೆಯ ಮಗಳು ಒಂದು ಮಗ್ಗುಲಿಗೆ, ಅವಳಿಗೆ ಮುಖ ಮಾಡಿ ತಾಯಿ ಇನ್ನೊಂದು ಮಗ್ಗುಲಿಗೆ ಮಲಗಿದ್ದರು. ಗೋಣೆಪ್ಪ ಸದ್ದಾಗದಂತೆ ಸಕ್ಕರೆಯ ಡಬ್ಬಿ ಹುಡುಕುತ್ತಿದ್ದ. ಬಾಗಿಲಿಗೆ ಬಂದು ಕರೆದ ತೊಟ್ಟಿನ ಹೆಂಗಸರಿಗೆ, "ಈಕಿ ಇವತ್ತ ಬರಂಗಿಲ್ಲ, ಮಗಳು ಬಂದಾಳ," ಎಂದು ಪಿಸುಗುಟ್ಟಿ ಕಳಿಸಿದ.